ಮತದಾನದ ಮರುದಿನ ಅಂಬತ್ತೂರಿನ ಗೇಟಿನಲ್ಲಿ

ನೆನಪಿನಲ್ಲಿ ಆ ಬೆಳಗಿಗೆ ಸದ್ದೇ ಇಲ್ಲ. ಚೆನ್ನೈ ಹತ್ತಿರದ ಅಂಬತ್ತೂರಿನ ನಮ್ಮ ಪ್ರೆಸ್ ಶಾಪಿನಲ್ಲಿ ತಗಡು ಒತ್ತಿ ರೈಲು ಬೋಗಿಗಳ ಬಿಡಿಭಾಗ ಮಾಡುತ್ತಿದ್ದೆವು. ಆರು ಪ್ರೆಸ್‌ಗಳು ಬಡಿಯುವ ಜಾಗ ನಿಶ್ಶಬ್ದವಾಗಿರಲು ಸಾಧ್ಯವಿಲ್ಲ. ಆದರೂ ನನಗೆ ಅದು ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಗೇಟಿನ ಬಳಿ ಮೇಜು, ಹಾಜರಿ ಪುಸ್ತಕ, ಒಂದೊಂದಾಗಿ ಚಾಚಿ ಹಿಂದೆ ಸರಿಯುವ ಎಡಗೈಗಳು. ಮುಖಗಳಿಲ್ಲ. ಮುಖಗಳನ್ನು ನಾನು ಅವತ್ತು ನೋಡಲೇ ಇಲ್ಲ ಅನ್ನುವುದು ಬಹುಶಃ ನೆನಪಿನ ತಪ್ಪಲ್ಲ.

ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಮೂರು ಕೆಲಸ ಹಿಡಿದು ಬಿಟ್ಟು, ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಅಲ್ಲಿ ಆಫೀಸು ನೋಡಿಕೊಳ್ಳಲು ಸೇರಿದ್ದೆ. ಮಾಲೀಕರು ಮಂಡ್ಯ ಕಡೆಯವರು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ನನ್ನನ್ನು ‘ಎಂ.ಎ. ಸಾಹೇಬ್ರು’ ಅಂತ ಛೇಡಿಸುತ್ತಿದ್ದರು.

ಚುನಾವಣೆ ಬಂತು. ಆರ್ಡರ್ ತಲೆಯ ಮೇಲೆ ಕೂತಿದ್ದರೂ ಅವರು ಮತದಾನದ ದಿನ ಶಾಪು ಮುಚ್ಚುವುದೆಂದರು. ಅರ್ಧ ಜನ ಮಲಗುತ್ತಾರೆ, ಇನ್ನರ್ಧ ಸಿನಿಮಾಕ್ಕೆ ಹೋಗುತ್ತಾರೆ ಎಂದೆ ನಾನು. ಒಂದು ಓಟಿನಿಂದ ಏನೂ ಬದಲಾಗದು ಎಂದು ಬಲವಾಗಿ ನಂಬಿದ್ದ ಕಾಲ ಅದು. ನನ್ನ ಹೆಸರು ಯಾವ ಮತದಾರರ ಪಟ್ಟಿಯಲ್ಲೂ ಇರಲಿಲ್ಲ. ಹಾಗಿದ್ದೂ ನಿಯಮ ಮಾಡಿದವನು ನಾನೇ. ಮರುದಿನ ಎಡಗೈ ತೋರುಬೆರಳಿನ ಶಾಯಿ ತೋರಿಸಿದವರಿಗೆ ಸಂಬಳದ ರಜೆ, ಉಳಿದವರಿಗೆ ಗೈರು. ಮಾಲೀಕರು ಮುಖ ಹುಳ್ಳಗೆ ಮಾಡಿಕೊಂಡು, ‘ಏನೋ, ನಿಮ್ಮಿಷ್ಟ’ ಎಂದಿದ್ದರು.

ಗೈರಿನಿಂದ ಎಲ್ಲರಿಗೂ ಒಂದು ದಿನದ ಸಂಬಳ ಹೋಗುತ್ತಿತ್ತು, ಒಬ್ಬರಿಗೆ ಮಾತ್ರ ಒಂದು ವರ್ಷ. ಮೂರನೇ ಪ್ರೆಸ್ಸಿನ ಆಪರೇಟರ್, ನಲವತ್ತೈದು ದಾಟಿದ ಮಿತಭಾಷಿ, ಇನ್ನೂ ಟೆಂಪರರಿ. ಗೈರಿಲ್ಲದೆ ವರ್ಷ ತುಂಬಿದರೆ ಕಾಯಂ ಎಂಬುದು ಶಾಪಿನ ಕಟ್ಟಳೆ. ಅವರಿಗೆ ಇನ್ನು ಎರಡು ವಾರ ಉಳಿದಿತ್ತು.

ಕೈಗಳು ಬಂದವು. ನೀಲಿ, ನೀಲಿ, ನೀಲಿ. ನನಗೆ ಬೆರಗಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಒಂದೇ ಒಂದು ಕೈಯಲ್ಲಿ, ನಾನು ನೋಡುತ್ತಿದ್ದ ಜಾಗದಲ್ಲಿ, ಏನೂ ಇರಲಿಲ್ಲ. ತಲೆ ಎತ್ತದೆ, ಸರದಿಯ ನಂಬರಿನ ಎದುರು ಅಡ್ಡಗೀಟು ಎಳೆದೆ. ಆ ಕೈ ಒಂದು ಕ್ಷಣ ಅಲ್ಲೇ ನಿಂತಿತ್ತು, ಆಮೇಲೆ ಹೋಯಿತು. ನಿಂತಿತ್ತೇ? ಅಥವಾ ನಾಚಿಕೆಯಿಂದ ನಾನೇ ಆಮೇಲೆ ಅದನ್ನು ನಿಲ್ಲಿಸಿದೆನೇ?

ಹತ್ತು ಗಂಟೆಯ ಚಹಾ ಮುಗಿದ ಮೇಲೆ ಮಾಲೀಕರು ಕರೆದರು. ಖಾಲಿ ಗಾಜಿನ ಲೋಟಗಳು ತಟ್ಟೆಯಲ್ಲಿ ಸಾಲಾಗಿದ್ದವು. ಕಿಟಕಿಯ ಬೆಳಕು ಅವುಗಳ ಮೂಲಕ ಹಾದು ಗೋಡೆಯ ಮೇಲೆ ತೇಲುತ್ತಿತ್ತು. ಏಳೆಂಟು ಲೋಟಗಳ ಮೇಲೆ ನೀಲಿ ಬೆರಳಚ್ಚು.

‘ಎಂ.ಎ. ಸಾಹೇಬ್ರೇ, ಎಲೆಕ್ಷನ್ ಇಂಕು ಲೋಟಕ್ಕೆ ಅಂಟುತ್ತಾ? ಟೂಲ್‌ರೂಮಿನ ಡಬ್ಬಿ ನೋಡ್ಕೊಂಡು ಬನ್ನಿ.’

ಲೋಹದ ಮೇಲೆ ಗುರುತು ಹಾಕಲು ಹಚ್ಚುವ ನೀಲಿಯ ಡಬ್ಬಿ ಅಲ್ಲಿತ್ತು. ಮುಚ್ಚಳ ತೆರೆದಿತ್ತು, ಅಂಚಿನಲ್ಲೆಲ್ಲ ಬೆರಳಿನ ಗುರುತು.

ಮಾಲೀಕರು ಹಾಜರಿ ಪುಸ್ತಕ ತರಿಸಿ, ಒಂದೇ ಒಂದು ಅಡ್ಡಗೀಟಿನ ಮೇಲೆ ಬೆರಳಿಟ್ಟು, ಮೂರನೇ ಪ್ರೆಸ್ಸಿನವರನ್ನು ಕರೆಸಿದರು. ಅವರು ಕೈ ಮುಂದೆ ಮಾಡಿದರು. ತೋರುಬೆರಳಿರಬೇಕಾದಲ್ಲಿ ಬುಡ ಮಾತ್ರ. ಹಿಂದಿನ ವರ್ಷ ನಮ್ಮ ಪ್ರೆಸ್ಸೇ ತೆಗೆದುಕೊಂಡಿತ್ತು; ಅಪಘಾತದ ಫಾರಂ ತುಂಬಿದ್ದು ನಾನೇ. ಪಕ್ಕದ ಬೆರಳಿನ ಉಗುರಿನ ಬುಡದಲ್ಲಿ ನೇರಳೆ ಕಪ್ಪಿನ ಗೆರೆ. ಮಾಲೀಕರು ಹೆಬ್ಬೆರಳಿನಿಂದ ಉಜ್ಜಿದರು, ಅಳಿಯಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನಾನು ತಮಿಳಿನಲ್ಲಿ ಕೇಳಿದೆ. ಅವರು ನನ್ನನ್ನು ನೋಡದೆ ತಮಿಳಿನಲ್ಲೇ ಉತ್ತರಿಸಿದರು: ನೀವು ತೋರುಬೆರಳು ಕೇಳಿದಿರಿ, ನನ್ನ ಹತ್ತಿರ ಅದಿಲ್ಲ, ರೂಲೇ ಹಾಗಿರಬೇಕು ಅಂದುಕೊಂಡೆ ಸಾರ್.

ಅವರು ಹೋದ ಮೇಲೆ ಮಾಲೀಕರು ಮೆಲ್ಲಗೆ ಹೇಳಿದರು: ‘ಬೆರಳು ನಾವೇ ತಗೊಂಡ್ವಿ. ಈಗ ಓಟೂ ತಗೊಳ್ಳೋದಾ?’

ಮೇಜಿನ ಮೇಲಿದ್ದ, ಅಳತೆ ನೋಡುವ ಉಕ್ಕಿನ ಗೇಜನ್ನು ಅವರು ನನ್ನ ಕಡೆ ತಳ್ಳಿದರು. ‘ಈ ಗೇಜು ನನ್ನ ಮಾಲು, ಪಕ್ಕದವನ ಮಾಲು ಅಂತ ನೋಡಲ್ಲ. ಅಳತೆ ಸರಿ ಇದ್ರೆ ಸರಿ. ಅದಕ್ಕೇ ರೈಲ್ವೆಯವ್ರು ನನ್ನ ನಂಬ್ತಾರೆ. ಎಲೆಕ್ಷನ್ನೂ ಊರಿಗೆ ಇಂಥಾದ್ದೇ ಒಂದು ಗೇಜು ಕಣಯ್ಯಾ. ಅದು ಕೆಟ್ರೆ ನಾನು ಎಷ್ಟು ಪ್ರೆಸ್ ಓಡಿಸಿ ಏನು? ಗಾಡಿ ಹೋಗೋಕೆ ರೋಡು ಬೇಕು ಅಂತ ಯಾರ್‌ನ ಕೇಳ್ಲಿ? ಈ ಜನಕ್ಕೆ ಓಟಿಲ್ದಿದ್ರೆ ಈ ರೋಡಿಗೆ ಯಾವನು ಬರ್ತಾನೆ? ನಮ್ಮ ಕೆಲಸ ಬಾಗಿಲು ಮುಚ್ಚಿ ರಜಾ ಕೊಡೋದು. ಬೆರಳು ನೋಡೋದಲ್ಲ.’

ಇದೇ ಮಾತುಗಳೋ, ಇಪ್ಪತ್ತು ವರ್ಷ ಮನಸ್ಸಿನಲ್ಲಿ ತಿರುವಿಹಾಕಿ ನಾನೇ ನುಣುಪು ಮಾಡಿಕೊಂಡದ್ದೋ ಗೊತ್ತಿಲ್ಲ. ಗೇಜು ಮೇಜಿನ ಮೇಲೆ ಜಾರಿ ಬಂದದ್ದು ಮಾತ್ರ ನಿಜ. ಅದರ ತಣುಪು ನನ್ನ ಕೈಗೆ ನೆನಪಿದೆ.

ನೀಲಿ ಬೆರಳಿನವರ ರಜೆಯನ್ನೂ ಅವರು ಹಾಗೇ ಬಿಟ್ಟರು. ಅಡ್ಡಗೀಟನ್ನು ನನ್ನಿಂದಲೇ ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಹಾಕಿಸಿದರು. ಎರಡು ವಾರದ ಮೇಲೆ ಕಾಯಂ ಪತ್ರ ಟೈಪ್ ಮಾಡಿದ್ದೂ ನಾನೇ. ಅದನ್ನು ಕೊಟ್ಟಾಗ ಮೂರನೇ ಪ್ರೆಸ್ಸಿನವರು ಎಡಗೈ ಜೇಬಿನಲ್ಲಿಟ್ಟುಕೊಂಡು ಬಲಗೈಯಲ್ಲಿ ತೆಗೆದುಕೊಂಡರು.

ಮುಂದಿನ ಚುನಾವಣೆಗೆ ಗೇಟಿನಲ್ಲಿ ಮೇಜು ಹಾಕಲಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ, ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅರ್ಜಿ ಕೊಡಲು ಅರ್ಧ ದಿನ ಬಿಡುವು ಕೊಟ್ಟೆವು. ಆ ಬಿಡುವಿನಲ್ಲಿ ಅಣ್ಣಾ ನಗರದ ನನ್ನ ಬಾಡಿಗೆ ಕೋಣೆಯ ವಿಳಾಸ ಬರೆದು ನಾನೂ ಒಂದು ಅರ್ಜಿ ಕೊಟ್ಟೆ. ಮತ ಹಾಕಿ ಬಂದ ಮರುದಿನ ಮೂರನೇ ಪ್ರೆಸ್ಸಿನ ಮುಂದೆ ಹಾದುಹೋಗುವಾಗ ಶಾಯಿಯ ಬೆರಳನ್ನು ಮಡಚಿಕೊಂಡಿದ್ದೆ. ಯಾರೂ ತೋರಿಸು ಎನ್ನಲಿಲ್ಲ.