ದೆವ್ವ ಯಾಕೆ ಒಳಗೆ ಬರಲಿಲ್ಲ

ಮೊನ್ನೆ ಭಾನುವಾರ ಅಮ್ಮನನ್ನು ನೋಡಲು ಶೃಂಗೇರಿಯಿಂದ ಕೊಪ್ಪಕ್ಕೆ ಹೊರಟಿದ್ದೆ. ಜಯಪುರದಲ್ಲಿ ಬಸ್ಸು ನಿಂತಿದ್ದಾಗ ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲು ಹೊಡೆದುಕೊಂಡಿತು. ಮೊದಲು ಗೆಜ್ಜೆಯ ಸದ್ದು, ಆಮೇಲೆ ಬಾಗಿಲು ಕಿರ್ರೆನ್ನುವುದು, ಕೊನೆಗೆ ನರಿ ಊಳಿಡುವುದು. ನಿಮಗಾದರೆ ಎದೆ ಧಸಕ್ಕೆನ್ನುತ್ತಿತ್ತೋ ಏನೋ, ಬಸ್ಸಿನಲ್ಲಿದ್ದ ಹೆಂಗಸರು ಮಾತ್ರ ಪರಿಚಯದವರ ದನಿ ಕೇಳಿದವರಂತೆ ತಿರುಗಿ ನೋಡಿ ನಕ್ಕರು. ನಾನೂ ನಕ್ಕೆ. ಅದು ನಮ್ಮ ದೆವ್ವದ ಸೀರಿಯಲ್ಲಿನ ಸಂಗೀತ. ಸೀರಿಯಲ್ ಮುಗಿದು ತಿಂಗಳುಗಳಾದರೂ ದೆವ್ವಕ್ಕೆ ಮುಕ್ತಿ ಸಿಕ್ಕಿಲ್ಲ, ಮೊಬೈಲಿನಲ್ಲಿ ಸೇರಿಕೊಂಡಿದೆ.

ನೀವು ನೋಡಿರದಿದ್ದರೆ ಕಥೆ ಇಷ್ಟೇ. ದೊಡ್ಡ ಮನೆಯ ಮಗಳೊಬ್ಬಳು ಗಂಡನ ಮನೆಯಲ್ಲಿ ಸತ್ತು, ಪ್ರೇತವಾಗಿ ಅಣ್ಣ-ಅತ್ತಿಗೆ ಇರುವ ತೌರಿಗೆ ಬರುತ್ತಾಳೆ. ದಿನಾ ದೀಪ ಹಚ್ಚುವ ಹೊತ್ತಿಗೆ ಹಸಿರು ಸೀರೆಯುಟ್ಟು ಹೊಸ್ತಿಲ ತನಕ ಬರುವುದು, ನಡುಮನೆಯ ದೀಪ ಆರುವುದು, ಅವಳು ವಾಪಸು ಹೋಗುವುದು. ಒಳಗೆ ಯಾಕೆ ಬರುವುದಿಲ್ಲ? "ಒಳಗೆ ಬಂದ್ರೆ ಸೀರಿಯಲ್ ಮುಗಿದು ಹೋಗ್ತದಲ್ಲ, ಅದಕ್ಕೆ" ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದ. ಅಷ್ಟು ಸುಲಭದ ಉತ್ತರ ಯಾರಿಗೂ ಬೇಕಿರಲಿಲ್ಲ.

ಮೆಣಸೆಯ ಸುಮಿತ್ರಕ್ಕ ಇದನ್ನೇ ಚರ್ಚಿಸಲು ಒಂದು ವಾಟ್ಸಾಪ್ ಗುಂಪು ಕಟ್ಟಿದ್ದಳು. ಮದುವೆಗೆ ಕರೆದ ಹಾಗೆ ನೆಂಟರು, ಇಷ್ಟರು, ನೆಂಟರ ನೆಂಟರನ್ನೆಲ್ಲ ಸೇರಿಸಿಬಿಟ್ಟಿದ್ದಳು. ಅಲ್ಲಿನ ವಿಮರ್ಶೆ ಸಾಮಾನ್ಯದ್ದಲ್ಲ. ದೀಪ ಆರುವುದೆಂದರೆ ಅಣ್ಣನ ಮನಸ್ಸಾಕ್ಷಿ ಆರುವುದು. ಹಸಿರು ಸೀರೆಯೆಂದರೆ ಮುಗಿಯದ ಮುತ್ತೈದೆತನ. ಅತ್ತಿಗೆ ಒಗ್ಗರಣೆ ಹಾಕುವಾಗ ಪ್ರತಿ ಸಲ ಸಾಸಿವೆ ಸಿಡಿಯುವುದಕ್ಕೂ ಒಂದು ಅರ್ಥವಿತ್ತು. ಸಾಸಿವೆ ಅಂದ ಮೇಲೆ ಸಿಡಿಯದೆ ಇನ್ನೇನು ಮಾಡುತ್ತದೆ ಎಂದು ನಾನು ಕೇಳಲಿಲ್ಲ. ಯಾಕೆಂದರೆ ಹಿಂದೊಮ್ಮೆ, ಶೂಟಿಂಗಿನವರ ಟೇಬಲ್ ಫ್ಯಾನಿಗೆ ದೀಪ ಆರಿರಬಹುದು ಎಂದು ಬರೆದು ಮರ್ಯಾದೆ ಕಳೆದುಕೊಂಡಿದ್ದೆ. "ನಿನಗೆ ಓದಿ ಓದಿ ತಲೆ ಕೆಟ್ಟಿದೆ ಮಾರಾಯ್ತಿ" ಎಂದು ಸುಮಿತ್ರಕ್ಕ ಬೈದಿದ್ದಳು. ಅದಕ್ಕೆ ಇಪ್ಪತ್ತು ಜನ ಹೆಬ್ಬೆಟ್ಟು ಎತ್ತಿದ್ದರು, ನಮ್ಮಮ್ಮನೂ ಸೇರಿ.

ಆ ಗುಂಪಿನಲ್ಲಿ ಮುತ್ತಿನಕೊಪ್ಪದ ಪದ್ಮತ್ತೆಯೂ ಇದ್ದಳು. ಪದ್ಮತ್ತೆ ಅಪ್ಪನ ತಂಗಿ. ಅಜ್ಜಿ ತೀರಿಕೊಂಡಾಗ ಬಂದವಳು ಕಾರ್ಯವೆಲ್ಲ ಮುಗಿದು, ಸೂತಕ ಕಳೆದ ಶುಭದ ಊಟವಾದ ಮೇಲೆ, ಅಮ್ಮನಿಗೆ ಒಂದು ಮಾತೂ ಹೇಳದೆ ಹೊರಟುಹೋಗಿದ್ದಳು. ಆಮೇಲೆ ಬರಲೇ ಇಲ್ಲ. ಅಜ್ಜಿಯ ವರ್ಷಾಂತಕ್ಕೆ ಅಪ್ಪ ಕರೆದ, ಅಮ್ಮ ಕರೆಯಲಿಲ್ಲ, ಅತ್ತೆ ಬರಲಿಲ್ಲ. ಹಾಗೆಂದು ಸಂಬಂಧ ಪೂರ್ತಿ ಕಡಿದಿತ್ತು ಅನ್ನುವ ಹಾಗೂ ಇಲ್ಲ. ಪ್ರತಿ ಗೌರಿಹಬ್ಬಕ್ಕೆ ಅಪ್ಪ ಒಬ್ಬನೇ ಮುತ್ತಿನಕೊಪ್ಪಕ್ಕೆ ಹೋಗಿ ಬಾಗಿನ ಕೊಟ್ಟು ಬರುತ್ತಿದ್ದ. ಆ ಬಾಗಿನದ ಮೊರಕ್ಕೆ ಅರಿಶಿನ ಹಚ್ಚಿ, ಬಳೆ ಆರಿಸಿ, ರವಿಕೆ ಕಣ ಮಡಚಿಡುತ್ತಿದ್ದವಳು ಮಾತ್ರ ಅಮ್ಮ. ಮಾತಿಲ್ಲದವಳಿಗೆ ಇಷ್ಟು ಚಂದದ ಬಳೆ ಯಾಕೆ ಎಂದು ಕೇಳಿದರೆ, "ಕೊಡೋದು ಕೊಡಬೇಕು, ಸುಮ್ನಿರು" ಅನ್ನುತ್ತಿದ್ದಳು. ನನಗೆ ಅಮ್ಮನ ಮೇಲೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಒಂದು ಸಂಜೆ ಕೊಪ್ಪದಲ್ಲಿ ಕರೆಂಟು ಹೋಯಿತು. ನಾನೂ ಅಲ್ಲೇ ಇದ್ದೆ. ಒಂದೂರಲ್ಲಿ ಕರೆಂಟು ಹೋದರೆ ಇನ್ನೊಂದೂರಿನವರು ಅವತ್ತಿನ ಕಥೆ ಹೇಳಬೇಕೆಂಬುದು ಗುಂಪಿನ ಕಾನೂನು. ಅವತ್ತು ವಾಯ್ಸ್ ಮೆಸೇಜಿನಲ್ಲಿ ಹೇಳಿದವಳು ಪದ್ಮತ್ತೆ. ಎಷ್ಟೋ ವರ್ಷದ ಮೇಲೆ ಅವಳ ದನಿ ನಮ್ಮ ಅಡುಗೆಮನೆಯಲ್ಲಿ ಕೇಳಿತು. ಕಥೆಯ ಕೊನೆಗೆ ಅವಳದೇ ವಿಮರ್ಶೆ:

"ಅವಳು ಸೇಡಿಗೆ ಬರೋದಲ್ಲ ಮಾರಾಯ್ರೇ. ಒಳಗಿಂದ ಯಾರೂ ಬಾ ಅನ್ನಲ್ಲ, ಅದಕ್ಕೆ ಹೊಸ್ತಿಲು ದಾಟಲ್ಲ. ಅಣ್ಣ ಕರೆದ್ರೆ ಸಾಕಾ? ತಾಯಿ ಹೋದ ಮೇಲೆ ಅತ್ತಿಗೆ ಕರೀಬೇಕು. ಅಡುಗೆಮನೆ ಯಾರದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಮ್ಮ ಕೈ ಒರೆಸಿಕೊಂಡು ಮೊಬೈಲು ಬಾಯಿಯ ಹತ್ತಿರ ಹಿಡಿದಳು. "ಹೋಗುವಾಗ ಬರ್ತೀನಿ ಅಂತ ಒಂದು ಮಾತು ಹೇಳದೆ ಹೋದವಳನ್ನ ಅತ್ತಿಗೆ ಯಾವ ಬಾಯಲ್ಲಿ ಕರೆಯೋದು?"

ಗುಂಪು ಗಲಿಬಿಲಿಯಾಯಿತು. "ಇದು ಯಾವ ಎಪಿಸೋಡು? ನಮ್ಮಲ್ಲೂ ಕರೆಂಟ್ ಇರ್ಲಿಲ್ಲವಾ ಎಂತ?" ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಅತ್ತೆಯ ಉತ್ತರ ಬಂತು. ದನಿ ಸಣ್ಣದಾಗಿತ್ತು.

"ಸಾವಾದ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ವರ್ಷ ತುಂಬೋ ತನಕ ಅನ್ನಬಾರದು. ಅವಳು ಮನೆಗೆ ಒಳ್ಳೇದಾಗಲಿ ಅಂತಲೇ ಹೇಳದೆ ಹೋಗಿದ್ದು."

ಅಮ್ಮ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. "ವರ್ಷದ ತನಕವಾ?" ಎಂದು ನನ್ನ ಮುಖ ನೋಡಿದಳು. "ನಮ್ಮಲ್ಲಿ ಶುಭದ ಊಟ ಆದ ಮೇಲೆ ಹೇಳ್ತಾರೆ ಕಣೇ. ಹೇಳಲೇಬೇಕು."

ಅಮ್ಮ ತನ್ನ ತೌರಿನ ಕ್ರಮ ಹಿಡಿದಿದ್ದಳು, ಅತ್ತೆ ತನ್ನ ಗಂಡನ ಮನೆಯ ಕ್ರಮ ಹಿಡಿದಿದ್ದಳು. ನಮ್ಮ ಮನೆಯ ಕ್ರಮ ಯಾವುದೆಂದು ಇಬ್ಬರಿಗೂ ಹೇಳಬೇಕಾಗಿದ್ದವಳು ಅಜ್ಜಿ. ಅವಳೇ ಸತ್ತಿದ್ದಳು.

ಸುಮಿತ್ರಕ್ಕ ತೀರ್ಪು ಕೊಟ್ಟಳು: "ನನ್ನ ಪ್ರಕಾರ ನಾದಿನಿದೂ ತಪ್ಪಿಲ್ಲ, ಅತ್ತಿಗೆದೂ ತಪ್ಪಿಲ್ಲ. ಎಲ್ಲ ಆ ಡೈರೆಕ್ಟರಂದು." ಅದಕ್ಕೂ ಹೆಬ್ಬೆಟ್ಟುಗಳು ಬಿದ್ದವು. ಅಮ್ಮ ಅದನ್ನೆಲ್ಲ ನೋಡಲಿಲ್ಲ. ಗುಂಪು ಬಿಟ್ಟು ನೇರ ಅತ್ತೆಗೆ ಫೋನ್ ಮಾಡಿದಳು.

"ಪದ್ಮಾ, ನಾನು ಕರೀತಾ ಇದೀನಿ. ಬಾ."

ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು. ಆಮೇಲೆ, "ನಾಳೆ ಮಂಗಳವಾರ ಅತ್ತಿಗೆ. ಬುಧವಾರ ಬರ್ತೀನಿ."

ಸೀರಿಯಲ್ಲಿನವರು ಕೊನೆಗೆ ಮಂತ್ರವಾದಿಯನ್ನು ಕರೆಸಿ ಆ ದೆವ್ವವನ್ನು ತೆಂಗಿನಕಾಯಿಯೊಳಗೆ ಕೂರಿಸಿ ಹೊಳೆಗೆ ಬಿಟ್ಟರು. ಗುಂಪಿನವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬುಧವಾರ ಬಂದ ಅತ್ತೆ ಮೂರು ದಿನ ಇದ್ದಳು. ಹೊರಡುವಾಗ ಅಡುಗೆಮನೆಯಲ್ಲಿ ಒಮ್ಮೆ ಬರ್ತೀನಿ ಅಂದಳು, ಕುಂಕುಮ ಇಟ್ಟುಕೊಂಡು ಒಮ್ಮೆ ಅಂದಳು, ಗೇಟಿನಲ್ಲಿ ಅಂದಳು, ಆಟೋದಿಂದ ತಲೆ ಹೊರಗೆ ಹಾಕಿ ಅಂದಳು. ಪ್ರತಿ ಸಲವೂ ಅಮ್ಮ "ಹೋಗಿ ಬಾ" ಅಂದಳು. "ಬಸ್ಸು ತಪ್ಪಿದ್ರೆ ಹೋಗೋದೂ ಇಲ್ಲ, ಬರೋದೂ ಇಲ್ಲ" ಎಂದು ಅಪ್ಪ ಗೊಣಗಿದ. ಅವನ ಕಣ್ಣು ಒದ್ದೆಯಾಗಿತ್ತು.

ಮೊನ್ನೆ ಸಂಜೆ ನಾನು ಶೃಂಗೇರಿಗೆ ವಾಪಸು ಹೊರಟೆ. ನನ್ನದು ಯಾವಾಗಲೂ ಅವಸರ. ಚಪ್ಪಲಿ ಮೆಟ್ಟಿಕೊಳ್ಳುತ್ತ ಬೀದಿಯ ಕಡೆಗೆ ಮುಖ ಮಾಡಿ ಒಂದು ಸಲ ಕೂಗಿದರೆ ಮುಗಿಯಿತು. ಮೊನ್ನೆಯೂ ಹಾಗೇ ಕೂಗಿ ಗೇಟಿನ ತನಕ ಹೋದವಳು ಯಾಕೋ ನಿಂತೆ. ತಿರುಗಿ ಬಂದು, ಚಪ್ಪಲಿ ಬಿಚ್ಚಿ ಒಳಗೆ ಹೋದೆ. ಅಮ್ಮ ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಎಂತ ಮರೆತೆ?"

"ಎಂತ ಇಲ್ಲ. ಬರ್ತೀನಿ ಅಂತ ಹೇಳೋಕೆ ಬಂದೆ."

ಅಮ್ಮ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಎದ್ದು ನಿಂತು, ನನ್ನ ಮುಖ ನೋಡಿ ಹೇಳಿದಳು: "ಹೋಗಿ ಬಾ."