ಮಹಡಿ ಮನೆ ನೋಡಲು ಬಂದ ಗಂಡ ಹೆಂಡತಿ

ಚನ್ನರಾಯಪಟ್ಟಣದ ನಮ್ಮ ಮಹಡಿ ಮನೆ ಖಾಲಿಯಾದಾಗಲೆಲ್ಲ ಬಾಡಿಗೆಗೆ ಬಂದವರನ್ನು ವಿಚಾರಿಸುವ ಕೆಲಸ ನನ್ನದು. ನಮ್ಮಜ್ಜಿ ಹೆಣ್ಣು ನೋಡಲು ಹೋದ ಕಡೆ ಮಾತಾಡುತ್ತಿದ್ದ ಹಾಗೇ ಮಾತಾಡುತ್ತೇನೆ. ಮೊದಲು ಊರು, ಆಮೇಲೆ ಮಳೆ ಬೆಳೆ. ಕಾಫಿ ಮುಗಿಯುವಷ್ಟರಲ್ಲಿ ಅವರ ಬೀಗರ ಬೀಗರೂ ಗೊತ್ತಾಗಿರುತ್ತಾರೆ. ಎದುರಿಗಿದ್ದವರಿಗೆ ಅದು ವಿಚಾರಣೆ ಅಂತ ಅನ್ನಿಸುವುದೇ ಇಲ್ಲ. ಅದು ನನಗೊಂದು ಹೆಮ್ಮೆಯಾಗಿತ್ತು.

ಹೋದ ವರ್ಷ ಶಾಲೆ ಶುರುವಾಗುವ ಮುಂಚೆ ದಂಡಿಗನಹಳ್ಳಿ ಕಡೆಯ ಹೆಂಗಸೊಬ್ಬಳು ಗಂಡನ ಜೊತೆ ಬಂದಳು. ಆವತ್ತು ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಬಂದವಳಿಗೆ ಇಲ್ಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಮಗಳನ್ನೂ ಇಲ್ಲಿನ ಹೈಸ್ಕೂಲಿಗೇ ಸೇರಿಸಿದ್ದಳು. ಮನೆ ಸಿಕ್ಕದಿದ್ದರೆ ಆ ಹುಡುಗಿಗೆ ಈ ಶಾಲೆ ಬಿಡಿಸಬೇಕು ಅಂದಳು. ನಮ್ಮ ಗೇಟಿನಲ್ಲಿ ‘ಸಂಸಾರಸ್ಥರಿಗೆ ಮಾತ್ರ’ ಎಂಬ ಬೋರ್ಡು ತೂಗುತ್ತಿತ್ತು.

ಗಂಡ ಕುರ್ಚಿಯ ತುದಿಯಲ್ಲಿ ಕೂತಿದ್ದ. “ಮಗ್ಳು ಎಷ್ಟ್ನೇ ಕ್ಲಾಸಪ್ಪಾ?” ಅಂದೆ. ಅವನು ಅವಳ ಮುಖ ನೋಡಿದ. ಅವಳೇ “ಎಂಟು” ಅಂದಳು.

“ನಿಮ್ಮ ಮಾವನ ಮನೆ ಹೊಲದಲ್ಲಿ ಏನು ಬೆಳೀತಾರೆ?”

“ರಾಗಿನೇ ಇರ್ಬೇಕು ಸಾ.”

ಗೊತ್ತಾಗಿಹೋಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ನನಗೆ ಮಜಾ ಹತ್ತಿಬಿಟ್ಟಿತ್ತು. ಮದುವೆ ಎಲ್ಲಾಯಿತು, ಊಟಕ್ಕೆ ಏನು ಮಾಡಿಸಿದ್ದರು ಅಂತ ಕೇಳುತ್ತಲೇ ಹೋದೆ. ಅವನು ಬೆವೆತು ಎದ್ದು ನಿಂತ. “ಅಕ್ಕಾ, ನನ್ ಕೈಲಾಗಾಕಿಲ್ಲ ಕಣಕ್ಕ. ಆಟೋ ರೋಡ್ನಾಗ್ ನಿಲ್ಸಿವ್ನಿ, ಓಯ್ತೀನಿ!”

ಅವಳು ತಲೆ ತಗ್ಗಿಸಲಿಲ್ಲ. “ಗಂಡ ಬುಟ್ಟೋಗವ್ನೆ ಸಾ. ನಿಜ ಯೋಳ್ದಾಗ ಯಾರೂ ಬೀಗ ತಗ್ದು ಮನೆ ತೋರಿಸ್ಲಿಲ್ಲ. ಅದ್ಕೇ ಈ ಆಟೋ ತಮ್ಮನ್ನ ಬೇಡ್ಕೊಂಡು ಕರ್ಕಂಬಂದೆ.”

“ಯೋಚ್ನೆ ಮಾಡಿ ಹೇಳ್ತೀನಿ ಕಣವ್ವಾ” ಅಂದೆ. ಯೋಚನೆಯನ್ನೇನೂ ಮಾಡಲಿಲ್ಲ. ಮನೆಯನ್ನು ಹೊಸದಾಗಿ ಮದುವೆಯಾದವರಿಗೆ ಕೊಟ್ಟೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಮಾಡಿದೆ. ಅದನ್ನೊಂದು ಕತೆ ಮಾಡಿ ಹೇಳತೊಡಗಿದೆ. ಬೆಳಗಿನ ವಾಕಿಂಗಿನಲ್ಲಿ, ಹೋಟೆಲಿನಲ್ಲಿ, ಹೊಳೆನರಸೀಪುರದ ನೆಂಟರ ನಾಮಕರಣದಲ್ಲಿ. “ರಾಗಿನೇ ಇರ್ಬೇಕು ಸಾ” ಎಂಬುದನ್ನು ಆಟೋದವನ ಧಾಟಿಯಲ್ಲೇ ಅನ್ನುತ್ತಿದ್ದೆ. ಕೇಳಿದವರಿಗೆ ನಕ್ಕು ನಕ್ಕು ನೀರು ನೆತ್ತಿಗೇರುತ್ತಿತ್ತು. “ಇನ್ನೊಂದ್ಸಲ ಹೇಳೋ” ಅನ್ನುತ್ತಿದ್ದ ನನ್ನ ಷಡ್ಡಕ. ನನ್ನ ಹೆಂಡತಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ದೀಪಾವಳಿಗೆ ಸೀರೆ ತರಲು ಇಬ್ಬರೂ ಹೋದೆವು. ಸೀರೆ ಬಿಚ್ಚಿ ತೋರಿಸಲು ಬಂದವಳು ಅವಳೇ.

“ಮನೆ ಸಿಕ್ತೇನವ್ವಾ?” ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

“ಎಲ್ ಸಾ! ಓದ್ ಕಡೆಯೆಲ್ಲ, ಆಟೋದೋನ್ನ ಗಂಡ ಅಂತ ಕರ್ಕೊಂಡೋಗಿದ್ದೋಳು ನೀನೇ ಅಲ್ವಾ ಅಂತ ನಗ್ತಾರೆ. ಶಾಲೆನಾಗೆ ಮಗೀಗೂ ಅಂದ್ರಂತೆ. ಬುಡಿಸ್ಬುಟ್ಟೆ. ಊರ ಕಡೆ ಸ್ಕೂಲಿಗೇ ಓಯ್ತದೆ ಈಗ.” ಸೀರೆಯ ಮಡಿಕೆ ಸರಿಮಾಡುತ್ತ ಮೆಲ್ಲಗೆ ಅಂದಳು, “ಅವತ್ತು ಅಲ್ಲಿದ್ದೋರು ಮೂರೇ ಜನ, ಅಲ್ವಾ ಸಾ?”

ನಾನೇ ಹೇಳಿದ್ದು, ತಪ್ಪಾಯಿತು ಅನ್ನಬೇಕಿತ್ತು. ಪಕ್ಕದಲ್ಲಿ ಹೆಂಡತಿ ಸೀರೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

“ಬಣ್ಣ ಚೆನ್ನಾಗಿದೆ, ತಗೊಳ್ಳೆ” ಎಂದೆ.