ಕಾಜಾ ಒಂದೇ ಬಾಕಿ

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಮದುವೆಯ ದಿನ ಒಮ್ಮೆ ಹೊರಗೆ ಬಂದು, ಮದುವೆಯ ಬಟ್ಟೆಯ ಜೊತೆ ಪೆಟ್ಟಿಗೆ ಸೇರಿದ್ದು ಮತ್ತೆ ಈಚೆ ಬರಲಿಲ್ಲ. ಬೀದಿಗೆಲ್ಲ ಅವನು ಅರ್ಧಿಂಚು ಮಾಮ. ಕಸುಬು ದರ್ಜಿಯದು. ಯಾರ ಅಳತೆ ತೆಗೆದರೂ ಅರ್ಧ ಇಂಚು ಸೇರಿಸಿಯೇ ಕತ್ತರಿ ಹಾಕುವನು. ಯಾಕಪ್ಪಾ ಅಂದರೆ, ಮನುಷ್ಯ ಇಂದು ಇದ್ದ ಹಾಗೆ ನಾಳೆ ಇರುವುದಿಲ್ಲ, ದಪ್ಪಗಾಗುತ್ತಾನೆ, ಆಗ ನನ್ನನ್ನು ನೆನೆಯುತ್ತಾನೆ ಅನ್ನುವನು. ಹುಟ್ಟಿದಾಗಿನಿಂದ ದಪ್ಪಗಾಗದ ಅಂಚೆಯಣ್ಣ ಮಾತ್ರ ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗ ಇಟ್ಟುಕೊಂಡೇ ಬೀದಿಯಲ್ಲಿ ಓಡಾಡುತ್ತಿದ್ದ.

ಬಟ್ಟೆಯಲ್ಲಿ ಬಿಟ್ಟ ಆ ಅರ್ಧ ಇಂಚನ್ನು ಮಾಮ ಮಾತಿನಲ್ಲೂ ಬಿಡುತ್ತಿದ್ದ. ಯಾರು ಬಂದು ಬಟ್ಟೆ ಆಯಿತೇ ಎಂದು ಕೇಳಿದರೂ ಅವನದು ಒಂದೇ ಉತ್ತರ: "ಆಯ್ತು, ಕಾಜಾ ಒಂದೇ ಬಾಕಿ." ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆಗೆ ಕಾಜಾ ಅನ್ನುತ್ತಾರಲ್ಲ, ಅಂಗಿಗೆ ಅದೇ ಕಟ್ಟಕಡೆಯ ಕೆಲಸ. ಕೇಳಿದವರು ಕಣ್ಣಿಗೆ ಪೂರ್ತಿ ಅಂಗಿಯನ್ನೇ ತಂದುಕೊಂಡು ಸಮಾಧಾನದಿಂದ ಮನೆಗೆ ಹೋಗುವರು. ಬಟ್ಟೆಯೋ, ಇನ್ನೂ ಕತ್ತರಿಯ ಮುಖ ನೋಡಿರುತ್ತಿರಲಿಲ್ಲ. ಗಿರಾಕಿ ತಂದುಕೊಟ್ಟ ಚೀಲದಲ್ಲೇ ಸುಖವಾಗಿ ನಿದ್ದೆ ಮಾಡುತ್ತಿರುತ್ತಿತ್ತು. ಹೊಲಿಗೆ ಯಂತ್ರ ಕೆಟ್ಟರೆ ಹೇಗಾದರೂ ಒಂದು ವಾರ ನೂಕಬಹುದು, ಆ ಮಾತು ಕೆಟ್ಟರೆ ಅಂಗಡಿಯ ಬಾಗಿಲು ತೆರೆಯುವ ಹಾಗೇ ಇಲ್ಲ ಎಂದು ಮಾಮನೇ ಒಪ್ಪಿಕೊಂಡಿದ್ದುಂಟು.

ಅಂಥ ಮಾತು ಆ ವರ್ಷದ ರಂಜಾನ್ ತಿಂಗಳ ಕೊನೆಯಲ್ಲಿ ಪಣಕ್ಕೆ ಬಿತ್ತು.

ಆದದ್ದು ಹೀಗೆ. ಉಪವಾಸದ ತಿಂಗಳು ಮುಗಿದು ಹೊಸ ಚಂದ್ರ ಕಾಣುವ ಸಂಜೆಗೆ ಮಾಮನ ಹೆಂಡತಿ ಪ್ರತಿವರ್ಷ ಹಣ್ಣು ಬಾದಾಮಿಯ ಟಾರ್ಟ್ ಮಾಡುವಳು. ಬೆಣ್ಣೆ ಹಾಕಿ ಕಲಸಿದ ಹಿಟ್ಟಿನದೊಂದು ತಟ್ಟೆ, ಅದರೊಳಗೆ ಅರೆದ ಬಾದಾಮಿಯ ಹೂರಣ, ಹೂರಣದ ಮೇಲೆ ಹೆಚ್ಚಿದ ಸೇಬು, ಅಂಜೂರ, ಎಲ್ಲಕ್ಕೂ ಮೇಲೆ ಸೀಳಿದ ಬಾದಾಮಿ. ಓವನ್ನಿನ ಬಾಗಿಲು ತೆಗೆದರೆ ಬೀದಿಯ ತುದಿಯವರೆಗೆ ಮೂಗುಗಳು ಎದ್ದು ನಿಲ್ಲುತ್ತಿದ್ದವು. ಅವಳ ತಾಯಿ, ನಮ್ಮ ಅತ್ತೆಮ್ಮ, ಬಂದು ಅದಕ್ಕೆ ಚಾಕು ಇಟ್ಟರೇ ಆ ಮನೆಗೆ ಹಬ್ಬ. ಈ ಸಲ ಹೆಂಡತಿ ಅಂಗಡಿಯ ಮೆಟ್ಟಿಲಲ್ಲಿ ಬಿದ್ದಿದ್ದ, ಒಳಪದರಕ್ಕೆ ಹಾಕುವ ನುಣುಪಾದ ಅಸ್ತರಿನ ಚೂರೊಂದರ ಮೇಲೆ ಕಾಲಿಟ್ಟು ಜಾರಿ ಬಲಗೈ ಮುರಿದುಕೊಂಡಳು. ಆ ಚೂರನ್ನು ಗುಡಿಸಿ ಎಂದು ಅವಳು ಹೇಳಿದ್ದಳು. ಗುಡಿಸಿದ ಹಾಗೇ ಅಂದುಕೋ ಎಂದು ಅವನು ಹೇಳಿದ್ದ.

ಕೈಗೆ ಪ್ಲಾಸ್ಟರ್ ಬಿತ್ತು. ಮಾಮನಿಗೆ ಕರುಳು ಚುರುಕ್ ಅಂದು, ಯಾರದೋ ಕೋಟಿನಲ್ಲಿ ಉಳಿದ ಬಟ್ಟೆಯಿಂದ ಹೆಂಡತಿಯ ಕೈ ತೂಗುಹಾಕಲು ಒಂದು ಜೋಳಿಗೆ ಹೊಲಿದ. ಒಳಗೆ ಅಸ್ತರು, ಪಕ್ಕಕ್ಕೊಂದು ಜೇಬು, ಭುಜದ ಪಟ್ಟಿಗೆ ಅಂದದ ಗುಂಡಿ. ಆಸ್ಪತ್ರೆಯ ನರ್ಸಮ್ಮನೇ ಇದನ್ನೆಲ್ಲಿ ಹೊಲಿಸಿದಿರಿ ಎಂದು ಮುಟ್ಟಿ ನೋಡಿದಳು. ಕಾಜಾ ಒಂದೇ ಬಾಕಿ ಇತ್ತು. ಗುಂಡಿ ಇದ್ದೂ ತೂತಿಲ್ಲದ ಪಟ್ಟಿಯನ್ನು ಹೆಂಡತಿ ಕತ್ತಿನ ಹಿಂದೆ ಗಂಟು ಹಾಕಿಸಿಕೊಂಡು ತಿರುಗುತ್ತಿದ್ದಳು.

ಈ ವರ್ಷ ಟಾರ್ಟ್ ಇಲ್ಲಮ್ಮ ಎಂದು ಅವಳು ತಾಯಿಗೆ ಹೇಳುವಾಗ ಮಾಮ ಪಕ್ಕದಲ್ಲೇ ಕೂತಿದ್ದ. ಬಾಯಿ ಸುಮ್ಮನಿರಬೇಕಲ್ಲ.

"ಅದೇನು ಮಹಾ ವಿದ್ಯೆ?" ಅಂದ. "ಹಿಟ್ಟೂ ಒಂಥರಾ ಬಟ್ಟೇನೇ. ಕತ್ತರಿಸೋದು, ಜೋಡಿಸೋದು, ಇಸ್ತ್ರಿ ಬದಲು ಓವನ್ನಿಗೆ ಇಡೋದು. ನಾನು ಮಾಡ್ತೀನಿ ಬಿಡಿ."

ಅತ್ತೆಮ್ಮ ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಿರಿ ಮಗಳ ಮದುವೆಗೆಂದು ಈ ಅಳಿಯನ ಕೈಗೇ ಕೊಟ್ಟಿದ್ದ ರೇಷ್ಮೆ ನಿಲುವಂಗಿಗೆ ಕಾಜಾ ಒಂದೇ ಬಾಕಿ ಉಳಿದು, ಹಳೇ ಅಂಗಿಯಲ್ಲೇ ಮದುವೆಮನೆಯಲ್ಲಿ ಓಡಾಡಿದ ಹೆಂಗಸು ಆಕೆ. ಆ ಸಿಟ್ಟಿನ ಮೇಲೆ ಇನ್ನೂ ಹಾಲು ಕಾಯಿಸಬಹುದಿತ್ತು.

"ಮಾಡಿ ಅಳಿಯಂದಿರೇ," ಅಂದಳು. "ಚಂದ್ರ ಕಾಣೋ ಹೊತ್ತಿಗೆ ಮೇಜಿನ ಮೇಲೆ ಇರಬೇಕು. ಪೂರ್ತಿ ಆಗಿರಬೇಕು. ಚೂರೇ ಚೂರು ಬಾಕಿ ಇದ್ರೂ, ಆ ನಿಮ್ಮ ಕಾಜಾ ಮಾತನ್ನ ಈ ಜನ್ಮದಲ್ಲಿ ಮತ್ತೆ ಬಾಯಿಗೆ ತರಬಾರದು."

ತಾನು ಗೆದ್ದರೆ ಎಂದು ಮಾಮ ಕೇಳಿದ. ಗೆದ್ದರೆ ನಿಲುವಂಗಿಯ ಮಾತನ್ನು ತಾನು ಎತ್ತುವುದಿಲ್ಲ ಅಂದಳು. ಮಾಮ ಹೂಂ ಅಂದುಬಿಟ್ಟ. ಅಂದಮೇಲೆ ಎದೆಯಲ್ಲಿ ಯಂತ್ರದ ಸೂಜಿ ಟಕಟಕ ಓಡತೊಡಗಿತು. ಆ ಮಾತಿಲ್ಲದೆ ಗಿರಾಕಿಗಳ ಮುಂದೆ ಕೂರುವುದೆಂದರೆ ಅಳತೆ ಕೊಡಲು ಬಂದವರ ಮುಂದೆ ತಾನೇ ಬರಿಮೈಯಲ್ಲಿ ನಿಂತ ಹಾಗೆ.

ಅವನಿಗಿದ್ದ ಧೈರ್ಯ ಒಂದೇ. ಚಂದ್ರ ಇವತ್ತು ಕಾಣದಿದ್ದರೆ ನಾಳೆ ಕಾಣುತ್ತಾನೆ. "ಅವನೂ ನಮ್ಮ ಕಸುಬಿನವನೇ ಕಣೇ," ಎಂದು ಹೆಂಡತಿಗೆ ಹೇಳಿದ. "ಒಂದಿನ ಹೆಚ್ಚಿಗೆ ಇಟ್ಕೊಂಡೇ ಮಾತು ಕೊಡ್ತಾನೆ."

ಆದರೂ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅಡುಗೆಮನೆ ಹೊಕ್ಕ. ಹೆಂಡತಿ ಕುರ್ಚಿಯಲ್ಲಿ ಕೂತು ಹೇಳುವುದು, ಅವನು ಮಾಡುವುದು. ಹಿಟ್ಟು ಎಷ್ಟು ಎಂದ. ನನ್ನ ಹಿಡಿಯಲ್ಲಿ ಮೂರು ಹಿಡಿ ಅಂದಳು. ಅವಳ ಹಿಡಿಯೋ ಪ್ಲಾಸ್ಟರಿನೊಳಗೆ. ಮಾಮ ಅವಳ ಎಡಗೈ ಮುಷ್ಟಿ ಮಾಡಿಸಿ, ತೋಳಿನ ಪಟ್ಟಿಗೆ ತೆಗೆದ ಹಾಗೆ ಸುತ್ತಳತೆ ತೆಗೆದು, ಆ ಗಾತ್ರದ ಒಂದು ಪುಟ್ಟ ಚೀಲವನ್ನು ಹೊಲಿದು ತಂದು, ಅದರಲ್ಲಿ ಹಿಟ್ಟು ಅಳೆದ. ಅಭ್ಯಾಸಬಲ, ಚೀಲಕ್ಕೂ ಅರ್ಧ ಇಂಚು ಬಿಟ್ಟಿದ್ದ. ಹಿಟ್ಟು ಹೆಚ್ಚಾಯಿತು, ಬೆಣ್ಣೆ ಸೇರಿಸಿದರು. ಬೆಣ್ಣೆ ಹೆಚ್ಚಾಯಿತು, ಹಿಟ್ಟು ಸೇರಿಸಿದರು. ಟಾರ್ಟು ಒಲೆ ಕಾಣುವ ಮೊದಲೇ ದಪ್ಪಗಾಯಿತು.

ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಬಿಡಿಸುವಾಗ ಅವು ಬೆರಳ ಸಂದಿಯಿಂದ ಚಿಮ್ಮಿ ಗೋಡೆಗೆ ಬಡಿದವು, ಒಂದು ಹೆಂಡತಿಯ ಜೋಳಿಗೆಯ ಜೇಬಿಗೇ ಬಿತ್ತು. ನೋಡಿದೆಯಾ, ಜೇಬು ಸುಮ್ಮನೆ ಇಟ್ಟಿದ್ದಲ್ಲ ಅಂದ. ಹೂರಣಕ್ಕೆ ಸಕ್ಕರೆ ಸಾಕೋ ಬೇಕೋ ಎಂಬಲ್ಲಿ ಕೆಲಸ ನಿಂತಿತು. ಅವನಿಗೆ ಉಪವಾಸ, ನಾಲಗೆಗೆ ಮುಟ್ಟಿಸುವಂತಿಲ್ಲ. ಹೆಂಡತಿಗೆ ಔಷಧಿ ನಡೆಯುತ್ತಿದ್ದರಿಂದ ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು. ರುಚಿ ನೋಡು ಎಂದು ಚಮಚ ಹಿಡಿದ. ಅವಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿ ಚಮಚ ವಾಪಸು ಕೊಟ್ಟಳು.

"ಏನು?" ಅಂದ.

"ನೋಡ್ದೆ," ಅಂದಳು.

ಆಮೇಲೆ ಎಷ್ಟು ಬೇಡಿದರೂ ಮುಖ ಅಂಗಡಿಯ ಶಟರಿನ ಹಾಗೆ ಕೆಳಗೆ ಬಿದ್ದೇ ಇತ್ತು. ಪಣ ಎಂದರೆ ಪಣ, ಹೇಳಿದರೆ ಅಮ್ಮನಿಗೆ ಮೋಸ ಮಾಡಿದ ಹಾಗೆ ಅಂದಳು. ಮಾಮ ಹೂರಣವನ್ನು ಮೂಸಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ, ಒಳ್ಳೇ ಬಟ್ಟೆಯ ಹಾಗಿದೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಹಿಟ್ಟನ್ನು ಲಟ್ಟಿಸಿ ತಗಡಿನ ಅಚ್ಚಿಗೆ ಹಾಸಿದಾಗ ಅಂಚಿನಲ್ಲಿ ಸುತ್ತಲೂ ಅರ್ಧ ಇಂಚು ಹೊರಗೆ ಜೋತುಬಿತ್ತು. ಕತ್ತರಿಸಿ ಬಿಸಾಡಿ ಎಂದಳು ಹೆಂಡತಿ. ಬಿಟ್ಟ ಬಟ್ಟೆಯನ್ನು ಕತ್ತರಿಸುವುದೇ? ಮಾಮ ಅದನ್ನು ಒಳಗೆ ಮಡಚಿ, ಲಂಗದ ಅಂಚಿಗೆ ಹಿಡಿದ ಹಾಗೆ ಸಣ್ಣ ಸಣ್ಣ ನೆರಿಗೆ ಹಿಡಿದು, ನೆರಿಗೆ ಬಿಚ್ಚದ ಹಾಗೆ ಗುಂಡುಸೂಜಿ ಚುಚ್ಚಿ ಫ್ರಿಜ್ಜಿನಲ್ಲಿಟ್ಟ.

ಈ ಗುಂಡುಸೂಜಿಗಳ ಕಥೆ ಇಲ್ಲಿ ಹೇಳಲೇಬೇಕು. ತಲೆಗೆ ಗಾಜಿನ ಮಣಿ ಇದ್ದ ಒಳ್ಳೇ ಸೂಜಿಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಮಿಕ್ಕೆಲ್ಲ ತಿಂಗಳು ಅವು ಇರುತ್ತಿದ್ದದ್ದು ಮಾಮನ ತುಟಿಗಳ ಮಧ್ಯೆ. ರಂಜಾನಿನಲ್ಲಿ ಬಾಯಿಗೆ ಏನೂ ಹೋಗಬಾರದು; ಗುಂಡುಸೂಜಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾರನ್ನಾದರೂ ಕೇಳಿದರೆ ನಕ್ಕಾರೆಂದು ನಾಚಿ, ಆ ತಿಂಗಳು ಅವನ್ನು ಕಾಲರಿಗೆ ಚುಚ್ಚಿಕೊಳ್ಳುತ್ತಿದ್ದ. ಹಾಗಾಗಿ ಹಬ್ಬದ ದಿನ ಅವನನ್ನು ತಬ್ಬಿಕೊಳ್ಳುವವರು ಮೊದಲು ಕಾಲರ್ ತಡವಿ ನೋಡುತ್ತಿದ್ದರು.

ಹಿಟ್ಟು ಗಟ್ಟಿಯಾದ ಮೇಲೆ ಸೂಜಿಗಳನ್ನು ಒಂದೊಂದಾಗಿ ಕಿತ್ತು ಕಾಲರಿಗೆ ಚುಚ್ಚಿಕೊಳ್ಳುವಾಗ ಬಾಗಿಲು ಬಡಿಯಿತು. ಅಂಗಡಿಗೆ ಬೀಗ ನೋಡಿ ಅಂಚೆಯಣ್ಣ ಮನೆಗೇ ಬಂದಿದ್ದ. ಅಂಗಿ ಆಯ್ತಾ ಅಂದ. ಆಯ್ತು, ಕಾಜಾ ಒಂದೇ ಬಾಕಿ ಅಂದ ಮಾಮ. ಮೊಣಕೈವರೆಗೆ ಏನದು ಬಿಳಿ ಅಂದ. ಕಾಲರಿಗೆ ಹಾಕೋ ಗಂಜಿ, ಹೊಸ ತರದ್ದು ಅಂದ ಮಾಮ. ಬೆಣ್ಣೆ ವಾಸನೆ ಬರ್ತಿದೆಯಲ್ಲ ಅಂದ. ಅದಕ್ಕೇ ಹೊಸ ತರದ್ದು ಅಂದಿದ್ದು ಎಂದ. ಈ ಸವಾಲು ಜವಾಬು ನಡೆಯುವಾಗಲೇ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಜೋಳಿಗೆಯ ಗಂಟು ಬಿಚ್ಚಿ ಕೈ ಜಾರಿತು. ಮಾಮ ಮಾತು ನಿಲ್ಲಿಸದೆ, ಕಣ್ಣನ್ನೂ ಆ ಕಡೆ ತಿರುಗಿಸದೆ, ಪಟ್ಟಿಯನ್ನು ಎಳೆದು ಸರಿಮಾಡಿಕೊಟ್ಟ. ಅಂಚೆಯಣ್ಣ ಅರೆಮನಸ್ಸಿನಿಂದ ಹೊರಟುಹೋದ.

ಹೂರಣ ತುಂಬಿ, ಹಣ್ಣು ಜೋಡಿಸಿ, ಬಾದಾಮಿ ಉದುರಿಸಿ ಓವನ್ನಿಗಿಟ್ಟ. ಇನ್ನೇನು ಗೆದ್ದೆ ಎಂದು ಸೂಜಿಗಳನ್ನು ಡಬ್ಬಿಗೆ ಹಾಕಲು ಕೂತರೆ ಕೆಂಪು ಇದೆ, ಹಳದಿ ಇದೆ, ಹಸಿರು ಇದೆ. ನೀಲಿ ಇಲ್ಲ.

ಕಾಲರ್ ತಡವಿದ. ನೆಲದಲ್ಲಿ ಮಂಡಿಯೂರಿ ಹುಡುಕಿದ. ಫ್ರಿಜ್ಜಿನೊಳಗೆ ತಲೆ ಹಾಕಿದ. ನೀಲಿ ಎಲ್ಲೂ ಇಲ್ಲ. ಅಂದಮೇಲೆ ಅದು ಓವನ್ನಿನೊಳಗೆ, ಯಾವುದೋ ನೆರಿಗೆಯ ಸಂದಿಯಲ್ಲಿ, ಅತ್ತೆಮ್ಮನ ದಾರಿ ಕಾಯುತ್ತಾ ಬೇಯುತ್ತಿದೆ.

ಏನು ಹುಡುಕುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಅವನು ಏನೋ ಹೇಳಿ ಸಾಗಹಾಕಿದ.

ಟಾರ್ಟ್ ಹೊರಗೆ ಬಂತು. ಬಂಗಾರದ ಬಣ್ಣ, ಅಂಚಿಗೆ ಮದುವಣಗಿತ್ತಿಯ ಲಂಗದಂಥ ನೆರಿಗೆ. ಹೆಂಡತಿಯ ಹುಬ್ಬೇ ಮೇಲೆ ಹೋಯಿತು. ಅವಳು ಅತ್ತ ಹೋದದ್ದೇ ತಡ, ಮಾಮ ಬಿದ್ದ ಸೂಜಿ ಎತ್ತಲು ಇಟ್ಟುಕೊಂಡಿದ್ದ ಲಾಳದಂಥ ಅಯಸ್ಕಾಂತವನ್ನು ಅಂಗಡಿಯಿಂದ ತಂದು ಟಾರ್ಟಿನ ಅಂಚಿಗೆ ಹಿಡಿದ. ಅದು ಕೈಯಿಂದ ಹಾರಿ ಟಪ್ಪೆಂದು ಅಂಟಿಕೊಂಡಿತು. ಸಿಕ್ಕಿತು ಎಂದು ಹಿಗ್ಗಿ ಎಳೆದರೆ ಅಚ್ಚು ಸಮೇತ ಟಾರ್ಟೇ ಮೇಲೆದ್ದಿತು. ಅಚ್ಚು ತಗಡಿನದಲ್ಲವೇ? ಎಲ್ಲಿ ಹಿಡಿದರೂ ಅಲ್ಲಿ ಟಪ್. ಮಧ್ಯೆ ಹಿಡಿದ, ಟಪ್. ಮೇಲಿದ್ದ ಅಂಜೂರ ಚಪ್ಪಟೆಯಾಯಿತು. ಅಚ್ಚಿನಿಂದ ಬಿಡಿಸೋಣವೆಂದರೆ ಆರದೆ ಬಿಡಿಸಿದರೆ ಮುರಿಯುತ್ತದೆ, ಆರುವಷ್ಟರಲ್ಲಿ ಅತ್ತೆಮ್ಮ ಬಂದುಬಿಡುತ್ತಾಳೆ. ಹಾಳಾದ ಅಂಜೂರವನ್ನು ತಿರುಗಿಸಿಟ್ಟು, ಮಾಮ ಕಿಟಕಿಗೆ ಹೋಗಿ ಆಕಾಶ ನೋಡಿದ. ಚಂದ್ರಪ್ಪಾ, ಒಂದೇ ಒಂದು ದಿನ ತಡ ಮಾಡು ಎಂದು ಕಸುಬಿನವನನ್ನು ಕಸುಬಿನವನು ಕೇಳುವ ಹಾಗೆ ಕೇಳಿಕೊಂಡ.

ಅತ್ತೆಮ್ಮ ಬಂದಳು. ಹೊಸದಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದಳು, ಅದನ್ನು ತೋರಿಸಲೆಂದೇ ನಗುತ್ತಿದ್ದಳು. ಹೊತ್ತು ಮುಳುಗಿತು. ಖರ್ಜೂರ ತಿಂದು ನೀರು ಕುಡಿದು ಉಪವಾಸ ಬಿಟ್ಟರು. ಮಾಮನಿಗೆ ಖರ್ಜೂರದ ಬೀಜವೂ ಸೂಜಿಯ ಹಾಗೆ ಚುಚ್ಚಿತು. ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವೆದ್ದಿತು, ಕಂಡ, ಕಂಡ ಎಂದು. ಎದುರುಮನೆಯ ಮಾಳಿಗೆಯ ಮೇಲೆ ಚಂದ್ರ, ಬಗ್ಗಿದ ಗುಂಡುಸೂಜಿಯ ಹಾಗೆ. ಆ ವರ್ಷ ಬೀದಿಯಲ್ಲಿ ಹೇಳಿದ ಹೊತ್ತಿಗೆ ಕೆಲಸ ಮುಗಿಸಿದವನು ಚಂದ್ರನೊಬ್ಬನೇ.

ಒಬ್ಬರನ್ನೊಬ್ಬರು ತಬ್ಬಿಕೊಂಡು ಮೇಜಿಗೆ ಬಂದರು. ಅತ್ತೆಮ್ಮ ಟಾರ್ಟನ್ನು ಸುತ್ತಲೂ ನೋಡಿದಳು, ನೆರಿಗೆಯನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. ಸೋತವಳ ಹಾಗೆ ಉಸಿರುಬಿಟ್ಟು ಒಂದು ತುಂಡು ಕೊಯ್ದು ಬಾಯಿಯ ಹತ್ತಿರ ತಂದಳು.

ಸುಮ್ಮನಿದ್ದರೆ ಗೆದ್ದ. ಆ ತುಂಡಿನಲ್ಲೇ ಸೂಜಿ ಇರಬೇಕೆಂದೇನಿದೆ? ಮಾಮ ಹೊಸ ಹಲ್ಲುಗಳನ್ನು ನೋಡಿದ, ಅದರ ಹಿಂದಿನ ಗಂಟಲನ್ನು ನೋಡಿದ, ಕೈ ತಾನಾಗಿಯೇ ಚಾಚಿ ತುಂಡಿಗೆ ಅಡ್ಡ ಹಿಡಿಯಿತು.

"ತಡೀರಿ ಅತ್ತೆ."

"ಯಾಕೆ? ಆಗಿದೆ ಅಂದ್ರಲ್ಲ."

"ಆಗಿದೆ," ಅಂದ ಮಾಮ. "ಕಾಜಾ ಒಂದೇ ಬಾಕಿ."

ಅವನ ಆಯುಸ್ಸಿನಲ್ಲಿ ಆ ಮಾತು ನಿಜವಾಗಿದ್ದು ಆವತ್ತೇ ಇರಬೇಕು. ನೀಲಿ ಸೂಜಿಯ ಸಂಗತಿಯೆಲ್ಲ ಹೇಳಿದ; ಹೆಂಡತಿ ಬಾಯಿ ತೆರೆದರೆ ತಡಿ ಎಂದು ಕೈ ಅಡ್ಡ ಹಿಡಿದ. ಭೂತಕನ್ನಡಿ ತಂದು, ಎರಡು ದಬ್ಬಣ ಹಿಡಿದು, ಕೆಟ್ಟ ಹೊಲಿಗೆ ಬಿಚ್ಚುವ ಹಾಗೆ ಒಂದೊಂದೇ ನೆರಿಗೆ ಬಿಚ್ಚಿದ. ಕೆಳಗಿನ ಹಿಟ್ಟಿನ ತಟ್ಟೆ ಬಿಚ್ಚಿದ, ಹೂರಣ ಕೆದಕಿದ, ಸೇಬಿನ ಹೋಳನ್ನು ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಮೇಜಿನ ಮೇಲೆ ಟಾರ್ಟ್ ಎಂಬುದು ಉಳಿಯಲಿಲ್ಲ, ಒಂದು ಗುಡ್ಡೆ ಉಳಿಯಿತು. ಸೂಜಿ ಮಾತ್ರ ಇಲ್ಲ.

ಹೆಂಡತಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಇದಾ ನೋಡಿ," ಎಂದು ಭುಜ ತೋರಿಸಿದಳು. ಜೋಳಿಗೆಯ ಪಟ್ಟಿಯಲ್ಲಿ, ತೂತಿಲ್ಲದ ಗುಂಡಿಯ ಪಕ್ಕದಲ್ಲಿ, ನೀಲಿ ತಲೆ ಮಿನುಗುತ್ತಿತ್ತು. "ಅಂಚೆಯಣ್ಣನ ಹತ್ರ ಮಾತಾಡ್ತಾ ನೀವೇ ಚುಚ್ಚಿದ್ದು."

"ಆಗ್ಲೇ ಹೇಳಬಾರದಾಗಿತ್ತೇನೇ?"

"ಏನು ಹುಡುಕ್ತಿದೀರಿ ಅಂತ ಕೇಳ್ದೆ ಕಣ್ರೀ. ಏನಿಲ್ಲ, ಕಾಜಾ ಒಂದೇ ಬಾಕಿ ಅಂದ್ರಿ. ಹೌದಲ್ಲ, ಬಾಕಿನೇ ಇದೆ ಅಂತ ಸುಮ್ನಾದೆ. ಅದೊಂದು ಹಾಕಿದ್ರೆ ಸೂಜಿ ಯಾಕೆ ಬೇಕಿತ್ತು?"

ಅತ್ತೆಮ್ಮ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಹೊಸ ಸೆಟ್ಟು ಜಾರಿ, ಸೆರಗಿನ ಮರೆಯಲ್ಲಿ ಅದನ್ನು ಕೂರಿಸಿಕೊಂಡು ಮತ್ತೆ ನಕ್ಕಳು. ಆಮೇಲೆ ಬಟ್ಟಲು ತರಿಸಿ ಗುಡ್ಡೆಯನ್ನು ಚಮಚದಲ್ಲಿ ಬಡಿಸಿದಳು. ಸಕ್ಕರೆ ಸರಿಯಾಗಿತ್ತು. ತಾನು ಎರಡನೇ ಬಟ್ಟಲು ಹಾಕಿಕೊಂಡು ಅಳಿಯನಿಗೆ ಹೇಳಿದಳು: ರುಚಿಗೆ ಮಗಳದಕ್ಕಿಂತ ಒಂದು ಕೈ ಮೇಲು, ನನ್ನ ಹಲ್ಲು ಉಳಿಸಿದ್ದಕ್ಕೆ ನಿಲುವಂಗಿಯ ಮಾತೂ ಇವತ್ತಿಗೆ ಮುಗಿಯಿತು. "ಆದ್ರೆ ಚಂದ್ರ ಕಂಡಾಗ ಬಾಕಿ ಇತ್ತು ಅಂತ ನಿಮ್ಮ ಬಾಯಲ್ಲೇ ಬಂತು. ಪಣ ಪಣವೇ."

ಮಾಮ ಆ ರಾತ್ರಿಯೇ ಹೆಂಡತಿಯ ಜೋಳಿಗೆಗೆ ಕಾಜಾ ಹಾಕಿ ಗುಂಡಿ ತೂರಿಸಿದ. ಅರ್ಧ ಇಂಚು ದೊಡ್ಡದಾಯಿತು, ಗುಂಡಿ ಆಗಾಗ ತಾನೇ ಹೊರಗೆ ಬರುತ್ತಿತ್ತು.

ಹಬ್ಬದ ಬೆಳಿಗ್ಗೆ ಅಂಚೆಯಣ್ಣ ಹಳೇ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದ. ಅಂಗಿ ಆಯ್ತಾ ಮಾಮ ಅಂದ. ಮಾಮನ ಬಾಯಿ ತೆರೆಯಿತು. ಒಳಗೆ ಅತ್ತೆಮ್ಮ ಚಹಾ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು ಕಿವಿ ಕೊಟ್ಟಳು. ಬಾಯಿ ಮುಚ್ಚಿತು. ಮತ್ತೆ ತೆರೆಯಿತು.

"ಆಯ್ತು ಅಣ್ಣಾ," ಅಂದ ಮಾಮ, "ಬಾದಾಮಿ ಒಂದೇ ಬಾಕಿ."

ಅಂಚೆಯಣ್ಣ ತನ್ನ ಹಳೇ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡ. ಅಂಗಿಗೆ ಬಾದಾಮಿ ಎಲ್ಲಿ ಹಾಕುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ. ಆದರೆ ನಿನ್ನೆ ಗಂಜಿಗೆ ಬೆಣ್ಣೆ ಹಾಕಿದ್ದನ್ನು ಮೂಗಾರೆ ಕಂಡವನಲ್ಲವೇ, ಹೊಸ ತರದ್ದಿರಬೇಕು ಎಂದುಕೊಂಡು ಸಮಾಧಾನವಾಗಿ ಮನೆಗೆ ಹೋದ.